ಮುಖ ತೊಳೆಯುವ ವಿಚಾರ

ನಮ್ಮ ಮನೆಯ ಬಚ್ಚಲಿನ ಗೂಡಿನಲ್ಲಿ ಹಿಂದೆ ಒಂದು ಸಾಬೂನಿನ ಬಿಲ್ಲೆಯೂ ಒಂದು ಸೀಗೆಪುಡಿಯ ಡಬ್ಬಿಯೂ ಇರುತ್ತಿದ್ದುವು. ಮುದುಕರಿಂದ ಹಿಡಿದು ಹಸುಗೂಸಿನವರೆಗೆ ಎಲ್ಲರಿಗೂ ಅಷ್ಟೇ ಸಾಕಾಗುತ್ತಿತ್ತು. ಈಗ ಅದೇ ಗೂಡಿನಲ್ಲಿ ಏಳು ಸೀಸೆ ಡಬ್ಬಿಗಳು ಒಂದನ್ನೊಂದು ನೂಕಿಕೊಂಡು ನಿಂತಿವೆ. ಜಿಡ್ಡು ಮೋರೆಗೊಂದು, ಒಣ ಮೋರೆಗೊಂದು, ಮೊಡವೆಗೊಂದು, ಇದ್ದಿಲು ಬೆರೆಸಿದ ಕಪ್ಪನೆಯದೊಂದು, ಬೇವಿನದೊಂದು, ತಲೆಯೊತ್ತಿದರೆ ಬರಿಯ ನೊರೆಯನ್ನೇ ಉಗುಳುವುದೊಂದು. ಏಳನೆಯದು ತನ್ನದೆಂದು ಮನೆಯಲ್ಲಿ ಯಾರೂ ಒಪ್ಪಿಕೊಳ್ಳುವುದಿಲ್ಲ. ತಿಂಗಳ ಕೊನೆಯಲ್ಲಿ ಲೆಕ್ಕ ಬರೆಯುವಾಗ ಈ ಬಾಬಿನ ಮುಂದೆ ನಮ್ಮ ಲೇಖನಿಯು ಕ್ಷಣಕಾಲ ನಿಲ್ಲುವುದುಂಟು.

ಇದು ಬರಿಯ ಹಣದ ಮಾತಾಗಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ. ಈ ಸೀಸೆಗಳ ಸಾಲಿನಿಂದಲೇ ಹೊರಟ ಒಂದು ತೊಂದರೆಯು ನಮ್ಮ ತಂಗಿಯ ಮಗಳನ್ನು ಹೇಗೆ ಕಾಡಿತೆಂಬುದನ್ನು ಮುಂದೆ ಹೇಳಲಿರುವೆವು. ಅದಕ್ಕೆ ಮೊದಲು, ಮುಖ ತೊಳೆಯುವ ವಸ್ತುವನ್ನು ಆರಿಸುವ ಬಗೆ ಹೇಗೆಂಬುದನ್ನು ನಾಲ್ಕು ಕಡೆ ವಿಚಾರಿಸಿ, ಓದಿ, ಮನೆಯಲ್ಲಿಯೇ ಪರೀಕ್ಷಿಸಿ ತಿಳಿದಷ್ಟನ್ನು ವಾಚಕರ ಮುಂದೆ ಇಡುತ್ತೇವೆ.

ಅಂಗಡಿಗೆ ಹೋದರೆ ಅಲ್ಲಿಯವರು ಕೇಳುವ ಪ್ರಶ್ನೆ ಒಂದೇ: ‘ನಿಮ್ಮದು ಯಾವ ಬಗೆಯ ಚರ್ಮ?’ ಪ್ರಶ್ನೆಯೇನೋ ಸರಿಯಾದುದೇ. ಆದರೆ ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂಬ ಈ ಹೊರವಲಯಗಳಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆ ಅದು ಮೂರನೆಯ ಪ್ರಶ್ನೆಯಾಗಬೇಕು. ಮನೆಗೆ ಎಂಥ ನೀರು ಬರುತ್ತದೆಂಬುದು ಮೊದಲನೆಯದು. ದಿನವೆಲ್ಲ ಮುಖದ ಮೇಲೆ ಏನು ಬೀಳುತ್ತದೆಂಬುದು ಎರಡನೆಯದು. ಇವೆರಡಕ್ಕೂ ಉತ್ತರ ಹೇಳದೆ ಮೂರನೆಯದಕ್ಕೆ ಹೇಳಿದರೆ, ಏಳು ಸೀಸೆಗಳು ಹದಿನಾಲ್ಕಾಗುವುವೇ ಹೊರತು ಮುಖ ಮಾತ್ರ ಇದ್ದಂತೆಯೇ ಇರುತ್ತದೆ.

ಸಾಬೂನಿನ ವಿಷಯದಲ್ಲಿ ಮೈಸೂರು ಸೀಮೆಯವರಾದ ನಮಗೆ ಒಂದು ಹೆಮ್ಮೆಯುಂಟು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಯುರೋಪಿಗೆ ಹೋಗಬೇಕಾಗಿದ್ದ ಗಂಧದ ಕೊರಡುಗಳು ಇಲ್ಲಿಯೇ ರಾಶಿಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೬ರಲ್ಲಿ ಗಂಧದೆಣ್ಣೆಯನ್ನು ಇಲ್ಲಿಯೇ ಇಳಿಸುವ ಏರ್ಪಾಡಾಯಿತು. ಆ ಎಣ್ಣೆಯನ್ನು ಬೆರೆಸಿದ ಸಾಬೂನು ೧೯೧೮ರಲ್ಲಿ ಹೊರಬಂದಿತು. ಅದರ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳನ್ನು ಜನರು ‘ಸೋಪು ಶಾಸ್ತ್ರಿಗಳು’ ಎಂದೇ ಕರೆದರು. ಕಾರ್ಖಾನೆಯು ೧೯೫೭ರಲ್ಲಿ ರಾಜಾಜಿನಗರದ ಕಡೆಗೆ ಬಂದಿತು. ಇಂದು ಪೀಣ್ಯಕ್ಕೆ ಮೆಟ್ರೋ ರೈಲಿನಲ್ಲಿ ಹೋಗುವವರು ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ಎಂಬ ನಿಲ್ದಾಣವನ್ನು ದಾಟಿಯೇ ಹೋಗಬೇಕು. ಸಾಬೂನಿನ ಹೆಸರಿನ ರೈಲು ನಿಲ್ದಾಣವುಳ್ಳ ಊರು ಮತ್ತೆಲ್ಲಿ ಇದೆಯೋ ನಾವು ಕೇಳಿಲ್ಲ. ನಮ್ಮ ತಾಯಿಯವರಿಗಂತೂ ಆ ಪರಿಮಳವಿಲ್ಲದ ಸ್ನಾನವು ಸ್ನಾನವೇ ಅಲ್ಲ.

ಹೆಮ್ಮೆಯನ್ನು ಬದಿಗಿಟ್ಟು ನೋಡಿದರೆ, ಸಾಬೂನು ಎಂಬುದು ಎಲ್ಲಿಯೇ ತಯಾರಾದರೂ ಒಂದೇ ಬಗೆಯ ವಸ್ತು. ಎಣ್ಣೆಯನ್ನಾಗಲಿ ಕೊಬ್ಬನ್ನಾಗಲಿ ತೀಕ್ಷ್ಣವಾದ ಕ್ಷಾರದೊಡನೆ ಬೇಯಿಸಿದರೆ ಸಾಬೂನೂ ಗ್ಲಿಸರಿನ್ನೂ ಹುಟ್ಟುತ್ತವೆ. ಹೀಗೆ ಹುಟ್ಟಿದುದು ಎಷ್ಟೇ ಸೌಮ್ಯವೆಂದರೂ ಕ್ಷಾರಗುಣವನ್ನು ಬಿಡುವುದಿಲ್ಲ. ಆಮ್ಲ ಕ್ಷಾರಗಳನ್ನು ಅಳೆಯುವ ಪಿಎಚ್ ಎಂಬ ಮಾನದಲ್ಲಿ ೭ ಎಂದರೆ ಎರಡೂ ಅಲ್ಲದ ಸ್ಥಿತಿ. ಕೆಳಗಿಳಿದಂತೆ ಆಮ್ಲ, ಮೇಲೇರಿದಂತೆ ಕ್ಷಾರ. ಸಾಮಾನ್ಯವಾದ ಸಾಬೂನು ೯ರಿಂದ ೧೦ರ ಸುಮಾರಿನಲ್ಲಿರುತ್ತದೆ. ನಮ್ಮ ಚರ್ಮದ ಮೇಲ್ಮೈಯಾದರೋ ೫ರ ಆಸುಪಾಸಿನಲ್ಲಿ, ಎಂದರೆ ಸ್ವಲ್ಪ ಹುಳಿಯ ಕಡೆಗೆ. ೧೯೨೮ರಲ್ಲಿ ಶಾಡೆ ಮತ್ತು ಮಾರ್ಕಿಯೋನಿನಿ ಎಂಬ ಜರ್ಮನ್ ವೈದ್ಯರಿಬ್ಬರು ಇದನ್ನು ಕಂಡು ‘ಆಮ್ಲದ ಹೊದಿಕೆ’ ಎಂದು ಹೆಸರಿಟ್ಟರು. ಚರ್ಮದೊಳಗಿನ ತೇವವನ್ನು ಕಾಯುವುದಕ್ಕೂ ರೋಗಾಣುಗಳನ್ನು ದೂರವಿಡುವುದಕ್ಕೂ ಈ ಹೊದಿಕೆಯು ಬೇಕು. ಸಾಬೂನು ಹಚ್ಚಿದಾಗಲೆಲ್ಲ ಅದು ಸ್ವಲ್ಪ ಹೊತ್ತು ಕಳಚುತ್ತದೆ, ಬಳಿಕ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಗಟ್ಟಿಯಾದ ಚರ್ಮದವರಿಗೆ ಇದರಿಂದ ಬಾಧೆಯಿಲ್ಲ. ಮುದಿಚರ್ಮಕ್ಕೂ, ಮೊದಲೇ ಉರಿಯುತ್ತಿರುವ ಚರ್ಮಕ್ಕೂ, ದಿನಕ್ಕೆ ಆರು ಸಲ ತೊಳೆಯುವ ಹುಡುಗರ ಮುಖಕ್ಕೂ ಆ ವಿರಾಮವು ಸಾಲದು.

ಇನ್ನು ನೀರಿನ ಮಾತು. ನಾವಿರುವುದು ವೈಟ್‌ಫೀಲ್ಡಿನ ಬದಿಯಲ್ಲಿ. ೧೮೮೨ರಲ್ಲಿ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ ವೈಟ್ ಎಂಬವರ ಮುಂದಾಳುತನದಿಂದ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ಈ ಊರು ಹುಟ್ಟಿದಾಗ ತೋಟದ ಬಾವಿಗಳ ನೀರೇ ಗತಿಯಾಗಿತ್ತು. ಈಚಿನ ಮೂವತ್ತು ವರ್ಷಗಳಲ್ಲಿ ತೋಟಗಳಿದ್ದ ಕಡೆ ಗೋಪುರದಂಥ ಮನೆಗಳೆದ್ದುವು. ಬಾವಿಯ ಬದಲಿಗೆ ನೂರಾರು ಅಡಿಗಳ ಆಳಕ್ಕೆ ಕೊಳವೆಗಳಿಳಿದುವು. ಅವೂ ಬತ್ತಿದಲ್ಲಿ ಟ್ಯಾಂಕರುಗಳು ಬಂದುವು. ೨೦೨೪ರ ಬೇಸಗೆಯ ನೀರಿನ ಬವಣೆಯನ್ನು ಈ ಕಡೆಯವರು ಯಾರೂ ಮರೆತಿರಲಾರರು. ಹೀಗೆ ಕಲ್ಲಿನ ಸೆರೆಗಳ ನಡುವೆ ಬಹುಕಾಲ ನಿಂತ ನೀರು ಸುಣ್ಣದ ಅಂಶವನ್ನೂ ಮೆಗ್ನೀಸಿಯದ ಅಂಶವನ್ನೂ ಕರಗಿಸಿಕೊಂಡು ಮೇಲೆ ಬರುತ್ತದೆ. ಇದೇ ಗಡಸುನೀರು. ಕುಡಿಯುವ ನೀರಿನಲ್ಲಿ ಈ ಗಡಸು ಲೀಟರಿಗೆ ೨೦೦ ಮಿಲಿಗ್ರಾಮಿನೊಳಗಿರಬೇಕೆಂದೂ, ಬೇರೆ ನೀರೇ ಇಲ್ಲದಿದ್ದರೆ ೬೦೦ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಸಂಸ್ಥೆಯವರು ಗೊತ್ತುಮಾಡಿದ್ದಾರೆ.

ಗಡಸುನೀರಿಗೂ ಸಾಬೂನಿಗೂ ಹುಟ್ಟುಹಗೆ. ಸಾಬೂನು ಜಿಡ್ಡನ್ನು ಹಿಡಿಯುವುದಕ್ಕೆ ಮೊದಲೇ ಸುಣ್ಣದ ಅಂಶವು ಸಾಬೂನನ್ನು ಹಿಡಿದು ಬಿಳಿಯ ಗಸಿಯನ್ನಾಗಿ ಮಾಡಿಬಿಡುತ್ತದೆ. ಬಕೆಟ್ಟಿನ ಅಂಚಿನಲ್ಲಿ ಉಗುರಿನಿಂದ ಕೆರೆದರೆ ಬರುವ ಆ ಅಂಟು ಇದೇ. ಬಕೆಟ್ಟಿಗೆ ಅಂಟುವ ವಸ್ತುವು ಮುಖಕ್ಕೆ ಅಂಟದಿರುವುದೆ? ತೊಳೆದ ಮೇಲೆ ಮುಖವು ಬಿಗಿಯಾಗಿ, ಬೆರಳಿಗೆ ತರಿತರಿಯಾಗಿ ತೋರುವುದು ಶುಚಿಯ ಲಕ್ಷಣವೆಂದು ಹಲವರು ಭಾವಿಸಿದ್ದಾರೆ. ಅದರಲ್ಲಿ ಒಂದು ಪಾಲು ಗಸಿ, ಮತ್ತೊಂದು ಪಾಲು ಎಣ್ಣೆ ಕಳೆದುಕೊಂಡ ಚರ್ಮದ ಸೆಳೆತ.

ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಾಗಿಲ್ಲ. ಎರಡು ಗಾಜಿನ ಸೀಸೆಗಳಲ್ಲಿ, ಒಂದರಲ್ಲಿ ನಲ್ಲಿಯ ನೀರನ್ನೂ ಇನ್ನೊಂದರಲ್ಲಿ ಮಳೆಯ ನೀರನ್ನೂ ಅರ್ಧರ್ಧ ತುಂಬಿ, ಎರಡಕ್ಕೂ ಕಡಲೆಕಾಳಿನಷ್ಟು ಸಾಬೂನಿನ ತುರಿಯನ್ನು ಹಾಕಿ ಚೆನ್ನಾಗಿ ಕುಲುಕಬೇಕು. ನಮ್ಮ ಮನೆಯಲ್ಲಿ ಮಳೆನೀರಿನ ಸೀಸೆಯು ಕತ್ತಿನವರೆಗೆ ನೊರೆ ತುಂಬಿಕೊಂಡಿತು; ನಲ್ಲಿಯ ನೀರಿನದು ಒಡೆದ ಹಾಲಿನಂತಾಗಿ ಮೇಲೆ ಒಂದು ಕೆನೆಗಟ್ಟಿತು. ನೋಡುತ್ತ ನಿಂತಿದ್ದ ಸೊಸೆಯು, ‘ಇಷ್ಟು ದಿನ ಇದನ್ನೇ ಮುಖಕ್ಕೆ ಬಳಿದುಕೊಂಡೆವೆ, ಮಾವ?’ ಎಂದಳು. ಆ ದಿನದಿಂದ ಗೂಡಿನಲ್ಲಿದ್ದ ಬೇವಿನ ಬಿಲ್ಲೆಯು ಬಟ್ಟೆಯ ಕಲೆ ತೆಗೆಯುವುದಕ್ಕೆ ಹೋಯಿತು.

ಪರಿಹಾರವು ನಮ್ಮ ಕೈಮೀರಿದುದೇನಲ್ಲ. ೨೦೨೪ರ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತವು ಆರಂಭವಾಗಿ, ನಗರಕ್ಕೆ ಹೊಸದಾಗಿ ಸೇರಿದ ೧೧೦ ಹಳ್ಳಿಗಳಿಗಾಗಿ ದಿನಕ್ಕೆ ೭೭೫ ದಶಲಕ್ಷ ಲೀಟರು ನೀರಿನ ಯೋಜನೆಯಾಗಿದೆ. ಹೊಳೆಯ ನೀರು ಕೊಳವೆಬಾವಿಯದಕ್ಕಿಂತ ಬಹಳ ಮೃದು. ಆದರೆ ನಮ್ಮಲ್ಲಿ ಎರಡೂ ನೀರು ಒಂದೇ ತೊಟ್ಟಿಯಲ್ಲಿ ಕೂಡುವುದರಿಂದ ಗಡಸು ತಗ್ಗಿದೆಯೇ ಹೊರತು ಹೋಗಿಲ್ಲ. ನೀರನ್ನು ಮೆದುಮಾಡುವ ಯಂತ್ರವನ್ನು ಕೂಡಿಸಿದ ವಸತಿಗಳೂ ಉಂಟು. ಅದಿಲ್ಲದವರು ಕುದಿಸಿ ಆರಿಸಿದ ನೀರನ್ನು ತಿಳಿಯಾಗಿ ಬಗ್ಗಿಸಿಕೊಂಡರೆ ಗಡಸಿನ ಒಂದು ಭಾಗವು ತಳದಲ್ಲಿ ಉಳಿಯುತ್ತದೆ. ಹಂಡೆಯೊಳಗೆ ಕಟ್ಟುವ ಬಿಳಿಯ ಹೆಕ್ಕಳಿಕೆಯೇ ಅದಕ್ಕೆ ಸಾಕ್ಷಿ. ೨೦೦೯ರಿಂದ ಈ ನಗರದಲ್ಲಿ ದೊಡ್ಡ ನಿವೇಶನದ ಮನೆಗಳಿಗೆ ಮಳೆನೀರಿನ ಸಂಗ್ರಹವು ಕಡ್ಡಾಯವಾಗಿದೆ. ಮೊದಲ ಮಳೆಯ ಕೊಳೆ ಹರಿದು ಹೋದ ಮೇಲೆ ಮುಚ್ಚಳವುಳ್ಳ ಪಾತ್ರೆಯಲ್ಲಿ ಹಿಡಿದಿಟ್ಟ ನೀರು ಮುಖಕ್ಕೆ ಬಲು ಹಿತ. ಇಡೀ ಮುಖವನ್ನು ಅದರಿಂದಲೇ ತೊಳೆಯಬೇಕೆಂದಿಲ್ಲ. ಎಲ್ಲವನ್ನೂ ನಲ್ಲಿಯ ನೀರಿನಿಂದ ಮುಗಿಸಿ ಕೊನೆಗೊಂದು ತಂಬಿಗೆಯಷ್ಟನ್ನು ಎರಚಿಕೊಂಡರೂ ಆಯಿತು.

ಅದಕ್ಕಿಂತ ಸುಲಭವಾದುದು, ಮುಖಕ್ಕೆ ಸಾಬೂನನ್ನೇ ಬಿಡುವುದು. ಸಾಬೂನಲ್ಲದ ಮಾರ್ಜಕಗಳು ಬೇರೆ ವರ್ಗಕ್ಕೆ ಸೇರಿದವು. ಇವು ಗಡಸುನೀರಿನಲ್ಲಿ ಗಸಿಗಟ್ಟುವುದಿಲ್ಲ. ಇವುಗಳ ಪಿಎಚ್ಚನ್ನು ಚರ್ಮಕ್ಕೆ ಹೊಂದುವಂತೆ ಇಳಿಸಬಹುದು. ನಮ್ಮ ಗಂಧದ ಸಾಬೂನಿನ ಕಾರ್ಖಾನೆಯು ರಾಜಾಜಿನಗರಕ್ಕೆ ಬಂದ ೧೯೫೭ರಲ್ಲಿಯೇ ಅಮೆರಿಕದಲ್ಲಿ ಡವ್ ಎಂಬ ಬಿಲ್ಲೆಯು ಹೀಗೆ ಪೇಟೆಗೆ ಬಂದಿತು. ಆಕಾರದಲ್ಲಿ ಸಾಬೂನಿನಂತೆಯೇ ಇದ್ದರೂ ಅದರ ಮುಖ್ಯ ದ್ರವ್ಯವು ಬೇರೆ. ಈಗ ‘ಫೇಸ್‌ವಾಷ್’ ಎಂದು ಕೊಳವೆಗಳಲ್ಲಿ ಬರುವವುಗಳಲ್ಲಿ ಹೆಚ್ಚಿನವು ಈ ವರ್ಗದವೇ. ಎಲ್ಲವೂ ಸೌಮ್ಯವೆಂದಲ್ಲ, ಕೆಲವಂತೂ ಪಾತ್ರೆ ತಿಕ್ಕುವ ದ್ರವದ ಹತ್ತಿರದ ನೆಂಟರು.

ಕೊಳ್ಳುವವರು ಹೊದಿಕೆಯ ಹಿಂಬದಿಯನ್ನು ಓದಬೇಕು. ಬಿಲ್ಲೆಯ ಮೇಲೆ ಟಿ.ಎಫ್.ಎಂ. ಎಂದು ನೂರಕ್ಕಿಷ್ಟೆಂದು ಅಂಕೆಯಿರುತ್ತದೆ. ಅದು ಬಿಲ್ಲೆಯಲ್ಲಿರುವ ಸ್ನಿಗ್ಧಾಂಶದ ಪ್ರಮಾಣ. ೭೬ ಮತ್ತು ಮೇಲ್ಪಟ್ಟುದು ಒಂದನೆಯ ದರ್ಜೆ, ೭೦ ಎರಡನೆಯದು, ೬೦ ಮೂರನೆಯದು. ‘ಬೇದಿಂಗ್ ಬಾರ್’ ಎಂದು ಸಣ್ಣಕ್ಷರದಲ್ಲಿ ಮುದ್ರಿಸಿದುದು ಸಾಬೂನಿನ ದರ್ಜೆಗಳ ಲೆಕ್ಕಕ್ಕೆ ಸೇರದು. ಅದರಲ್ಲಿ ೪೦ ಇದ್ದರೂ ಸಾಕು. ಅಂಕೆ ಹೆಚ್ಚಿದಷ್ಟೂ ಸಾಬೂನು ಅಪ್ಪಟವಾದುದು, ಬೇಗನೆ ಕರಗದು, ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಅಪ್ಪಟವಾದ ಸಾಬೂನು ಅಪ್ಪಟವಾದ ಕ್ಷಾರವೂ ಹೌದು. ಒಂದನೆಯ ದರ್ಜೆಯೆಂದ ಮಾತ್ರಕ್ಕೆ ಒಣಮುಖಕ್ಕೆ ಒಳ್ಳೆಯದೆಂದು ತಿಳಿಯಲಾಗದು. ಗ್ಲಿಸರಿನ್ ಹೆಚ್ಚಾಗಿರುವ ಪಾರದರ್ಶಕ ಬಿಲ್ಲೆಗಳಲ್ಲಿ ಈ ಅಂಕೆ ತಗ್ಗಿರುತ್ತದೆ, ಮುಖಕ್ಕೆ ಅವೇ ಎಷ್ಟೋ ಮೇಲು. ದರ್ಜೆಯ ಅಂಕೆಯನ್ನು ನೋಡಿ ಮುಖಕ್ಕೆ ಸಾಬೂನು ಆರಿಸುವವರು ಇದನ್ನು ಗಮನಿಸಬೇಕು.

ಚರ್ಮದ ಬಗೆಯನ್ನು ತಿಳಿಯುವ ಕ್ರಮವೂ ಸುಲಭವೇ. ಉಗುರುಬೆಚ್ಚಗಿನ ನೀರಿನಿಂದ ಮುಖವನ್ನು ಮೆಲ್ಲಗೆ ತೊಳೆದು, ಒತ್ತಿ ಒರೆಸಿ, ಏನನ್ನೂ ಹಚ್ಚದೆ ಒಂದು ಗಂಟೆಯ ಕಾಲ ಬಿಡಬೇಕು. ಆಮೇಲೆ ಮುಖವೆಲ್ಲ ಬಿಗಿದು ಸಿಪ್ಪೆಯೇಳುವಂತಿದ್ದರೆ ಒಣಚರ್ಮ. ಎಲ್ಲೆಡೆ ಮಿರುಗಿದರೆ ಜಿಡ್ಡಿನದು. ಹಣೆ, ಮೂಗು, ಗದ್ದ ಮಾತ್ರ ಮಿರುಗಿ ಕೆನ್ನೆಗಳು ಸಪ್ಪೆಯಾಗಿದ್ದರೆ ಮಿಶ್ರ. ಉರಿ, ನವೆ, ಕೆಂಪು ಕಂಡರೆ ಸೂಕ್ಷ್ಮ. ಇದು ಜಾತಕದಂತೆ ಹುಟ್ಟಿನಿಂದ ಸಾಯುವವರೆಗೆ ನಿಂತದ್ದಲ್ಲ. ಹದಿನೆಂಟರಲ್ಲಿ ಜಿಡ್ಡಾಗಿದ್ದುದು ಐವತ್ತರಲ್ಲಿ ಒಣಗಬಹುದು. ಆಷಾಢದಲ್ಲಿ ಸರಿಯಿದ್ದುದು ಪುಷ್ಯದ ಒಣಗಾಳಿಗೆ ಒಡೆಯಬಹುದು.

ನಮ್ಮ ತಾಯಿಯವರಿಗೆ ಎಂಬತ್ತು ಸಮೀಪಿಸಿದೆ. ಅವರದು ಒಣಚರ್ಮವೆಂದು ಹೇಳಲು ಪರೀಕ್ಷೆ ಬೇಕಿಲ್ಲ. ಬೆಳಗ್ಗೆ ಬರಿಯ ನೀರು, ಸಂಜೆ ನೊರೆಯೇಳದ, ಗ್ಲಿಸರಿನ್ ಇರುವ, ವಾಸನೆಯಿಲ್ಲದ ಮಾರ್ಜಕ, ತೇವವಾರುವ ಮುನ್ನವೇ ಮುಖಕ್ಕೆ ಲೇಪ, ಇಷ್ಟರಿಂದ ಚಳಿಗಾಲದ ನವೆಯು ನಿಂತಿತು. ‘ನೊರೆಯಿಲ್ಲದಿದ್ದರೆ ಕೊಳೆ ಹೇಗೋ ಹೋದೀತು?’ ಎಂದು ಮೊದಮೊದಲು ಗೊಣಗುತ್ತಿದ್ದರು. ನೊರೆಗೂ ಶುಚಿಗೂ ಅಂಥ ಬಾಂಧವ್ಯವಿಲ್ಲವೆಂದು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ನವೆ ನಿಂತುದನ್ನು ಮಾತ್ರ ಒಪ್ಪಿದರು. ಗಂಧದ ಸಾಬೂನು ಕೈಕಾಲುಗಳಿಗೆ ಮೀಸಲಾಗಿ ಉಳಿದಿದೆ.

ಸೊಸೆಯು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗಿ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಲ್ಲಿ ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯವರು ಬಿಡಿಸಿದ ೩೩೨ ಎಕರೆಗಳು ಇಂದು ತಂಪುಯಂತ್ರಗಳ ನಗರ. ಒಂಬತ್ತು ಗಂಟೆ ತೇವವಿಲ್ಲದ ತಂಪುಗಾಳಿ, ಮೇಲೆ ಹೋಗಿಬರುವ ಹಾದಿಯ ಹೊಗೆ ಧೂಳು. ಹೀಗಾಗಿ ಕೆನ್ನೆ ಒಣಗಿ ಮೂಗು ಮಿರುಗುವ ಮಿಶ್ರಚರ್ಮ. ಇಂಥವರು ಇಡೀ ಮುಖಕ್ಕೆ ಜಿಡ್ಡು ತೆಗೆಯುವ ತೀಕ್ಷ್ಣವಾದುದನ್ನು ಹಚ್ಚಬಾರದು. ಸೌಮ್ಯವಾದುದೊಂದನ್ನು ಹಚ್ಚಿ, ಮೂಗು ಹಣೆಗಳ ಮೇಲೆ ಬೆರಳನ್ನು ಕ್ಷಣಕಾಲ ಹೆಚ್ಚಾಗಿ ಆಡಿಸಿದರೆ ಸರಿ.

ಪೀಣ್ಯದ ಮಾತೇ ಬೇರೆ. ನಮ್ಮ ಭಾವಮೈದುನನ ಮಗನು ಅಲ್ಲಿ ಲೇತು ಯಂತ್ರದ ಮುಂದೆ ನಿಲ್ಲುವವನು. ಕಡಿಯುವ ಲೋಹವು ಕಾಯದಿರಲೆಂದು ಸುರಿಯುವ, ಹಾಲಿನ ಬಣ್ಣದ ಎಣ್ಣೆನೀರನ್ನು ಅವರು ಕೂಲೆಂಟು ಎನ್ನುತ್ತಾರೆ. ಅದರ ತುಂತುರು ಹಣೆಗೂ ಮುಂಗೈಗೂ ದಿನವೆಲ್ಲ ಸಿಡಿದು ರೋಮದ ಬುಡಗಳನ್ನು ಮುಚ್ಚಿ, ಕಪ್ಪು ತುದಿಯ ಗುಳ್ಳೆಗಳನ್ನು ಎಬ್ಬಿಸುತ್ತದೆ. ಅವನ ಮುಖವನ್ನು ನೋಡಿದವರೆಲ್ಲ ವಯಸ್ಸಿನ ಮೊಡವೆಯೆಂದರು. ಗುಳ್ಳೆಗಳು ಮುಂಗೈಯಲ್ಲಿಯೂ ತೊಡೆಯಲ್ಲಿಯೂ ಇದ್ದುದರಿಂದ ಅದು ವೃತ್ತಿಯ ಬಾಧೆಯೆಂದು ವೈದ್ಯರು ಗುರುತಿಸಿದರು. ಪಾಳಿ ಮುಗಿದೊಡನೆ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯ ಚಿಂದಿಯಿಂದ ಮುಖ ಕೈಗಳನ್ನು ತಿಕ್ಕಿ, ಬಟ್ಟೆಯ ಪುಡಿಯಿಂದ ತೊಳೆಯುವುದು ಅಲ್ಲಿ ಹಲವರ ವಾಡಿಕೆ. ಆ ಚಿಂದಿಯಲ್ಲಿ ಕಣ್ಣಿಗೆ ಕಾಣದ ಲೋಹದ ಚೂರುಗಳಿರುತ್ತವೆ. ಒಂದೊಂದು ತಿಕ್ಕಿಗೂ ಚರ್ಮವು ಗೀರುಬೀಳುತ್ತದೆ, ಗೀರಿನೊಳಕ್ಕೆ ಸೀಮೆಎಣ್ಣೆಯಿಳಿಯುತ್ತದೆ.

ಅವನಿಗೆ ವೈದ್ಯರು ಹೇಳಿದ ಕ್ರಮವು ಇಂಥದು. ಮನೆಯಿಂದ ಒಯ್ದ ಒಗೆದ ಬಟ್ಟೆಯಿಂದ ಎಣ್ಣೆಯನ್ನು ಒತ್ತಿ ತೆಗೆಯುವುದು, ಸಾಬೂನಲ್ಲದ ಮಾರ್ಜಕವನ್ನು ಎರಡು ಸಲ ಹಚ್ಚಿ ತೊಳೆಯುವುದು, ಎಣ್ಣೆ ಹೀರಿದ ಅಂಗಿಯನ್ನು ಮರುದಿನ ಹಾಕದಿರುವುದು. ರಾತ್ರಿ ಮಾತ್ರ ಸ್ಯಾಲಿಸಿಲಿಕ್ ಆಮ್ಲವು ನೂರಕ್ಕೆ ೨ರಷ್ಟಿರುವ ಮುಖದ್ರವ. ಈ ಆಮ್ಲವು ಜಿಡ್ಡಿನಲ್ಲಿ ಕರಗಿ ಮುಚ್ಚಿದ ಬುಡಗಳನ್ನು ಬಿಡಿಸುತ್ತದೆ. ಮೊದಲು ಬೆಂಜಾಯಿಲ್ ಪೆರಾಕ್ಸೈಡ್ ಎಂಬುದನ್ನು ಕೊಟ್ಟಿದ್ದರು. ಅದೂ ಗುಣಕಾರಿಯೇ, ಆದರೆ ಬಣ್ಣವನ್ನು ಕಳೆಯುವ ಸ್ವಭಾವದ್ದು. ಅವನ ತಾಯಿಯ ಹೊಸ ಕೆಂಪು ವಲ್ಲಿಯ ಮೇಲೆ ಬಿಳಿಯ ಮಚ್ಚೆಗಳು ಬಿದ್ದ ದಿನ ಆ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯಲಾಗದು.

ಪೀಣ್ಯದಲ್ಲಿ ಇನ್ನೊಂದು ಎಚ್ಚರವೂ ಬೇಕು. ಲೋಹಕ್ಕೆ ಹೊಳಪಿನ ಲೇಪ ಕೊಡುವ ಕೆಲಸದಿಂದ ಅಲ್ಲಿಯ ಕೆಲವೆಡೆ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದೆಯೆಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಕ್ರೋಮಿಯಂ ಕೆಲವರ ಚರ್ಮಕ್ಕೆ ಒಗ್ಗದೆ ಬಲವಾದ ನವೆಯನ್ನು ತರುವ ವಸ್ತು. ಹಳದಿ ಛಾಯೆಯ ನೀರು ಬರುವ ಕೊಳವೆಯಿಂದ ಮುಖ ತೊಳೆಯುವವರಿಗೆ ಯಾವ ಮಾರ್ಜಕವನ್ನೂ ನಾವು ಸೂಚಿಸಲಾರೆವು. ಆ ನೀರನ್ನು ಬಿಡುವುದೊಂದೇ ದಾರಿ.

ಇಷ್ಟೆಲ್ಲ ಪೇಟೆಯ ವಸ್ತುಗಳೇಕೆ, ಅಡಿಗೆಮನೆಯಲ್ಲಿ ಇರುವುದು ಸಾಲದೆ ಎಂದು ಗೃಹಿಣಿಯರು ಕೇಳುವುದು ನ್ಯಾಯವೇ. ಕಡಲೆಹಿಟ್ಟು, ಹೆಸರುಹಿಟ್ಟುಗಳು ಜಿಡ್ಡನ್ನು ಹೀರುತ್ತವೆ, ಗಡಸುನೀರಿನಲ್ಲಿ ಗಸಿಗಟ್ಟುವುದಿಲ್ಲ. ನುಣ್ಣಗೆ ಜರಡಿಯಾಡಿ, ನೀರಿನಲ್ಲಿ ಕಲಸಿ, ತಿಕ್ಕದೆ ತೊಳೆದುಕೊಂಡರೆ ಜಿಡ್ಡುಚರ್ಮದವರಿಗೆ ಅಡ್ಡಿಯಿಲ್ಲ. ಮೊಡವೆಯೊಡೆದ ಮುಖಕ್ಕೆ ತರಿಯಾದ ಹಿಟ್ಟು ಬೇಡ. ಸೀಗೆ ಅಂಟುವಾಳಗಳೂ ಗಡಸುನೀರಿಗೆ ಹೆದರುವುವಲ್ಲ, ಆದರೆ ಅವು ತಲೆಗೆ ತಕ್ಕವು; ಕಣ್ಣಿನ ಬಳಿ ತರಬಾರದು. ಚರ್ಮವು ಹುಳಿಯ ಕಡೆಗಿದೆಯೆಂದು ಮೇಲೆ ಹೇಳಿದೆವಲ್ಲ, ಅದನ್ನೋದಿ ಯಾರೂ ನಿಂಬೆಯ ಹೋಳನ್ನು ಮುಖಕ್ಕೆ ಉಜ್ಜಿಕೊಳ್ಳದಿರಲಿ. ನಿಂಬೆಯ ರಸದ ಪಿಎಚ್ಚು ೨ರ ಹತ್ತಿರ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆಯೆದ್ದು ಕಪ್ಪು ಕಲೆಯುಳಿಯುವುದುಂಟು.

ಈಗ ತಂಗಿಯ ಮಗಳ ವಿಷಯ. ಹುಡುಗಿಯು ತೀರ್ಥಹಳ್ಳಿಯ ಕಡೆಯವಳು. ಓದಿಗಾಗಿ ನಮ್ಮಲ್ಲಿ ಬಂದು ನಿಂತಳು. ಊರಿನ ಬಾವಿಯ ಮೆದುನೀರಿನಲ್ಲಿ ಬೆಳೆದ ಮುಖವು ಇಲ್ಲಿಗೆ ಬಂದ ಮೂರು ತಿಂಗಳಲ್ಲಿ ಮೊಡವೆಯಿಂದ ತುಂಬಿತು. ಹದಿನೇಳರ ಪ್ರಾಯಕ್ಕೆ ಅದು ಸಹಜವೆಂದು ಎಲ್ಲರೂ ಹೇಳಿದರು, ಅವಳೊಬ್ಬಳನ್ನುಳಿದು. ದಿನಕ್ಕೆ ಆರೇಳು ಸಲ ತೊಳೆಯತೊಡಗಿದಳು. ಗೂಡಿನಲ್ಲಿ ಸೀಸೆಗಳ ಸಂಖ್ಯೆ ಏರಿದುದು ಆಗಲೇ. ತೊಳೆದಷ್ಟೂ ಚರ್ಮವು ಕೆರಳಿತು. ಅಕ್ಕನ ಮದುವೆಗೆ ಎರಡು ತಿಂಗಳಿದೆಯೆನ್ನುವಾಗ ಗೆಳತಿಯೊಬ್ಬಳು ಒಂದು ಲೇಪದ ಹೆಸರನ್ನು ಹೇಳಿಕೊಟ್ಟಳು. ಔಷಧದ ಅಂಗಡಿಯೊಂದರಲ್ಲಿ ಚೀಟಿಯನ್ನು ಕೇಳದೆಯೇ ಕೊಟ್ಟರು. ಒಂದು ವಾರದಲ್ಲಿ ಕೆಂಪು ಇಳಿಯಿತು, ಬಣ್ಣವೂ ತಿಳಿಯಾಯಿತು. ನೆಂಟರು ಕಂಡು ಹೊಗಳಿದರು. ಆ ಹೊಗಳಿಕೆಯ ಭರದಲ್ಲಿ ಹುಡುಗಿಯು ಲೇಪವನ್ನು ನಿಲ್ಲಿಸಲೇ ಇಲ್ಲ.

ಮದುವೆಯ ಹೊತ್ತಿಗೆ ಕೆನ್ನೆಗಳು ಸುಟ್ಟಂತೆ ಕೆಂಪಾಗಿ, ಬಿಸಿಲಿಗೆ ಬಂದರೆ ಉರಿಯತೊಡಗಿದುವು. ಸಣ್ಣ ರಕ್ತನಾಳಗಳು ಹೊರಕ್ಕೆ ಕಾಣುತ್ತಿದ್ದುವು. ಗದ್ದದ ಮೇಲೆ ಎಳೆಯ ರೋಮ ಎದ್ದಿತು. ಒಂದು ದಿನ ಹಚ್ಚದಿದ್ದರೆ ಇಮ್ಮಡಿ ಕೆರಳುತ್ತಿತ್ತು. ಅಕ್ಕನ ಮದುವೆಯ ಮೂರು ದಿನವೂ ಅವಳು ಅಡಿಗೆಯ ಕೋಣೆಯನ್ನು ಬಿಟ್ಟು ಈಚೆಗೆ ಬರಲಿಲ್ಲ. ಭಾವಚಿತ್ರಗಳಲ್ಲಿ ಮನೆಮಂದಿಯೆಲ್ಲ ಇದ್ದಾರೆ, ಅವಳೊಬ್ಬಳಿಲ್ಲ. ಊರಿನಿಂದ ಹಿಂದಿರುಗಿದ ರಾತ್ರಿ ನಮ್ಮ ಮನೆಯವರ ಬಳಿಗೆ ಹೋಗಿ, ‘ಅತ್ತೆ, ಇದನ್ನು ಹಚ್ಚಿದರೂ ಕಷ್ಟ, ಬಿಟ್ಟರೂ ಕಷ್ಟ’ ಎಂದು ಕೊಳವೆಯನ್ನು ಕೈಗಿಟ್ಟು ಅತ್ತಳಂತೆ.

ಅದರಲ್ಲಿದ್ದುದು ಸ್ಟಿರಾಯ್ಡು. ಕೆರಳಿಕೆಯನ್ನು ಬೇಗನೆ ಅಡಗಿಸುವ ಬಲವಾದ ಔಷಧ. ವೈದ್ಯರ ಕೈಯಲ್ಲಿ ಬಲು ಉಪಯೋಗಿ. ತಿಂಗಳುಗಟ್ಟಲೆ ಮುಖಕ್ಕೆ ಬಳಿದರೆ ಅದೇ ಚರ್ಮವನ್ನು ತೆಳುವಾಗಿಸುತ್ತದೆ. ನಮ್ಮ ದೇಶದ ಚರ್ಮವೈದ್ಯರು ಈ ಪಿಡುಗನ್ನು ಕುರಿತು ಹಲವು ವರ್ಷ ಕೂಗಿ ಹೇಳಿದ ಮೇಲೆ, ೨೦೧೮ರಲ್ಲಿ ಕೇಂದ್ರ ಸರ್ಕಾರವು ಇಂಥ ಹಲವು ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮಿಸಿತು. ನಿಯಮವಿದ್ದರೂ ಕೇಳುವ ಬಾಯಿ, ಕೊಡುವ ಕೈ ಎರಡೂ ಉಳಿದಿವೆ. ಇದರ ಬೇರು ಬೆಳ್ಳಗಾಗಬೇಕೆಂಬ ಆಸೆಯಲ್ಲಿದೆ. ಆ ಆಸೆಯನ್ನು ಹುಡುಗಿಯರು ತಾವಾಗಿ ಹುಟ್ಟಿಸಿಕೊಂಡವರಲ್ಲ. ‘ಹುಡುಗಿ ಸ್ವಲ್ಪ ಕಪ್ಪು, ಆದರೂ ಲಕ್ಷಣವಾಗಿದ್ದಾಳೆ’ ಎನ್ನುವ ಆ ‘ಆದರೂ’ ನಮ್ಮ ಪಡಸಾಲೆಗಳಲ್ಲಿಯೇ ಹುಟ್ಟುವುದು. ೨೦೨೦ರಲ್ಲಿ ಪ್ರಸಿದ್ಧವಾದೊಂದು ಲೇಪವು ತನ್ನ ಹೆಸರಿನಿಂದ ‘ಫೇರ್’ ಎಂಬುದನ್ನು ತೆಗೆದುಹಾಕಿತು. ಪಡಸಾಲೆಯ ಮಾತಿನಿಂದ ಅದು ಇನ್ನೂ ಹೋಗಿಲ್ಲ. ಮುಖ ತೊಳೆಯುವ ಯಾವ ವಸ್ತುವೂ ಹುಟ್ಟುಬಣ್ಣವನ್ನು ಬದಲಿಸಲಾರದು. ಅರೆನಿಮಿಷದಲ್ಲಿ ನೀರಿನೊಡನೆ ಹರಿದುಹೋಗುವ ವಸ್ತುವಿಗೆ ಆ ಶಕ್ತಿ ಎಲ್ಲಿಯದು?

ಚರ್ಮವೈದ್ಯರನ್ನು ಕಾಣಲು ಬಹಳ ಹಣ ಬೇಕೆಂಬ ಭಯದಿಂದ ಅಂಗಡಿಗೆ ಹೋಗುವವರುಂಟು. ವಿಕ್ಟೋರಿಯ, ಬೌರಿಂಗ್ ಮುಂತಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗದ ವಿಭಾಗಗಳಿವೆಯೆಂಬುದನ್ನು ಅಂಥವರು ತಿಳಿದಿರಬೇಕು. ಲೇಪವನ್ನು ಒಮ್ಮೆಗ್ಗೆ ಬಿಟ್ಟರೆ ಕೆರಳುವುದರಿಂದ ಅದನ್ನು ಬಿಡುವ ಕ್ರಮವನ್ನೂ ವೈದ್ಯರೇ ಹೇಳಬೇಕು. ನಮ್ಮ ಹುಡುಗಿಯನ್ನು ನೋಡಿದ ವೈದ್ಯೆಯು ಮೊದಲು ಕೇಳಿದ್ದು, ‘ದಿನಕ್ಕೆ ಎಷ್ಟು ಸಲ ಮುಖ ತೊಳೆಯುತ್ತೀಯ?’ ಎಂದು. ಎರಡನೆಯದು, ‘ಮನೆಗೆ ಬರುವ ನೀರು ಎಲ್ಲಿಯದು?’ ಎಂದು. ಗೂಡಿನಲ್ಲಿರುವ ಸೀಸೆಗಳ ಪಟ್ಟಿಯನ್ನು ಬರೆಯಿಸಿಕೊಂಡು ಎಲ್ಲವನ್ನೂ ಹೊಡೆದುಹಾಕಿದರು. ಸಾಬೂನಲ್ಲದ, ವಾಸನೆಯಿಲ್ಲದ, ಬಣ್ಣವಿಲ್ಲದ ಒಂದೇ ಒಂದು ಮಾರ್ಜಕ. ದಿನಕ್ಕೆ ಎರಡೇ ಸಲ. ಬೆರಳ ತುದಿಯಿಂದ, ವಸ್ತ್ರದಿಂದಲ್ಲ. ಉರಿ ಅಡಗುವವರೆಗೆ ಮೊಡವೆಯ ಆಮ್ಲಗಳೂ ಬೇಡ. ಹಗಲು ಹೊರಗೆ ಹೊರಟರೆ ಬಿಸಿಲು ತಡೆಯುವ ಲೇಪ. ‘ತಿಂಗಳುಗಳೇ ಹಿಡಿಯುತ್ತವೆ, ಮೊದಲ ತಿಂಗಳಲ್ಲಿ ಈಗಿರುವುದಕ್ಕಿಂತ ಹೆಚ್ಚಾಗಿಯೇ ಕಾಣಬಹುದು, ಗಾಬರಿಯಾಗಬಾರದು’ ಎಂದು ಹುಡುಗಿಗಲ್ಲದೆ ನಮಗೂ ಹೇಳಿದರು.

ಹೇಳಿದಂತೆಯೇ ಆಯಿತು. ಮೊದಲ ಐದು ವಾರಗಳು ಮನೆಯವರೆಲ್ಲರಿಗೂ ಕಷ್ಟವಾಗಿದ್ದುವು. ಹುಡುಗಿಯು ಕನ್ನಡಿಗೆ ಪಂಚೆಯ ತುಂಡೊಂದನ್ನು ಇಳಿಬಿಟ್ಟಿದ್ದಳು. ಆಗ ನಮ್ಮ ತಾಯಿಯವರು ಅವಳ ಮುಖದ ಮಾತನ್ನು ಎತ್ತದೆ ದಿನವೂ ಮಳೆನೀರಿನ ತಂಬಿಗೆಯನ್ನು ತಾವೇ ತುಂಬಿಸಿ ಬಚ್ಚಲಿನ ಬಾಗಿಲಲ್ಲಿ ಇಡುತ್ತಿದ್ದರು. ಈಗ ಏಳು ತಿಂಗಳಾಯಿತು. ಉರಿ ಹೋಗಿದೆ, ಬಿಸಿಲನ್ನು ಸಹಿಸುತ್ತಾಳೆ. ಎಡಗೆನ್ನೆಯ ಮೇಲಿನ ಕೆಂಪು ಎಳೆಗಳು ಇನ್ನೂ ಉಳಿದಿವೆ. ಗದ್ದದಲ್ಲಿ ಎರಡು ಮೂರು ಮೊಡವೆಗಳಿವೆ. ಅವು ವಯಸ್ಸಿನವು, ಅವಕ್ಕೆ ಬೇರೆ ಔಷಧವನ್ನು ಮುಂದಿನ ಸಲ ಕೊಡುವುದಾಗಿ ವೈದ್ಯೆಯು ಹೇಳಿದ್ದಾರೆ. ಬರುವ ತಿಂಗಳ ಎರಡನೆಯ ವಾರದಲ್ಲಿ ಮತ್ತೆ ಹೋಗಬೇಕಾಗಿದೆ.